ಸೋತ ರಾಜಾನ ಒಂಬತ್ತು ಹೆಜ್ಜಿ

ಕಂದೀಲ ಸಣ್ಣ ಮಾಡು. ಕೇಳಾಕ ಕಿವಿ ಬೇಕು, ಬೆಳಕ ಯಾಕ? ನಡುವ ಎದ್ದು ಹೊರಗ ಹೋಗಬೇಕು ಅನ್ನಾವ್ರು ಈಗ ಹೋಗಿ ಬರ್ರಿ... ಆಮ್ಯಾಲೆ ನಾ ಯಾರ ಜೋಡಿನೂ ಬರಾಕಿ ಅಲ್ಲ.

ಇದು ನಮ್ಮ ಕಾಕಾನ ಮಗ ಗುಡ್ಡಪ್ಪಣ್ಣಗ ಆಗಿದ್ದು. ಅರ್ಧಾ ಅಂವಾ ತನ್ನ ಬಾಯಿಲೆ ಹೇಳ್ಯಾನ, ಅರ್ಧಾ ನಾ ಈ ಕಣ್ಣಲೆ ಕಂಡೇನಿ. ಸುಳ್ಳಂದ್ರ ಈ ಉದ್ದವ್ವನ ನಾಲಿಗಿ ಬಿದ್ದ ಹೋಗ್ಲಿ.

ಮುಂಬಯಿ ಸರಕಾರ ಬಿಟ್ಟು ನಾವು ಮೈಸೂರ ರಾಜ್ಯಕ್ಕ ಕೂಡಿ ಎರಡು ವರ್ಷ ಆಗಿದ್ವು. ಸುಗ್ಗಿ ಮುಗಿದಿತ್ತು. ನಮ್ಮೂರು ಮೂಡಲಗಿಯಿಂದ ಎರಡು ಹರದಾರಿ. ಓಣಿ ಹೊರಗ ಒಂದು ಹಾಳ ಬಾವಿ, ಅದರ ಮಗ್ಗಲಕ್ಕ ಒಂದು ಬಯಲು. ನಮ್ಮ ಓಣಿಯವರ ದೊಡ್ಡಾಟದ ತಾಲೀಮ ನಡಿಯೂದು ಅಲ್ಲೆ. ಗುಡ್ಡಪ್ಪಣ್ಣ ಮ್ಯಾಳದ ಮಾಸ್ತರ. ಅವತ್ತ ತಾಲೀಮ ಮುಗಿಸಿ, ಎಲ್ಲಾರನ್ನೂ ಮನಿಗಿ ಕಳಿಸಿ, ಹಿಂದ ಒಬ್ಬನ ಬರಾಕತ್ತಿದ್ದ. ಚಂದ್ರ ಇರ್ಲಿಲ್ಲ. ಬಾವಿ ದಾಟಿ ಹತ್ತು ಮಾರು ಬಂದಿದ್ದ...

ಧಬ್... ಝಲ್.

ನಿಂತ.

ಧಬ್... ಝಲ್. ಧಬ್... ಝಲ್.

ಗೆಜ್ಜಿ ಸಪ್ಪಳ. ಯಾವನೋ ಹುಡುಗ ಇನ್ನೂ ಕುಣ್ಯಾಕತ್ತಾನ ಅಂತ ಹೊಳ್ಳಿ ನೋಡಿದ. ಬಯಲಾಗ ಯಾರೂ ಇಲ್ಲ. ಯಾರೂ ಇಲ್ಲ ಅಂತ ಅಂವಾ ಅಂಜಲಿಲ್ಲ, ಆ ಧಬ್ ಕೇಳಿ ಅಂಜಿದ. ಇಪ್ಪತ್ತು ವರ್ಷ ಆಟ ಕಲಿಸಿದ ಕಿವಿ ಅದು. ಮಣ್ಣಿನ ಮ್ಯಾಲೆ ಕುಣದ್ರ ಗೆಜ್ಜಿ ಬರೇ ಝಲ್ ಅಂತೈತಿ. ಧಬ್ ಅನ್ನಾಕ ಕಾಲ ಕೆಳಗ ಹಲಗಿ ಬೇಕು, ಹಲಗಿ ಕೆಳಗ ಟೊಳ್ಳ ಬೇಕು. ಆ ಬಯಲಾಗ ಮಣ್ಣ ಬಿಟ್ರ ಏನೈತಿ?

ಎಣಿಸಿದ. ಏಳು. ಎಂಟನೇದು ಬರ್ಲಿಲ್ಲ.

ಆಮ್ಯಾಲೆ ಬಾವಿ ಕಡಿಂದ ಒಂದು ಪಿಸುಮಾತು...

“ಗುಡ್ಯಾ... ಎಷ್ಟು?”

ಅಂವಾ ಓಡಿದಾ ನೋಡ್ರಿ. ಒಂದು ಚಪ್ಪಲಿ ಅಲ್ಲೆ ಬಿತ್ತು. ಮನಿಗಿ ಬಂದು ಬಾಗಲಾ ಹಾಕಿ ಅಗಳಿ ಜಡದ. ಯಾಕಂದ್ರ ಅಂವನ್ನ ಗುಡ್ಯಾ ಅಂತ ಕರಿಯಾಂವ ಈ ಜಗತ್ತಿನ್ಯಾಗ ಒಬ್ಬನ ಇದ್ದ. ಮಾಳಪ್ಪ. ಅಂವಾ ಸತ್ತು ಬರೊಬ್ಬರಿ ಒಂದು ವರ್ಷ ಆಗಿತ್ತು.

ತಡಿ, ಗಡಬಡಿ ಮಾಡಬ್ಯಾಡ್ರಿ. ‘ಎಷ್ಟು’ ಅಂದ್ರ ಏನು ಅಂತ ಮೊದಲ ಹೇಳತೇನಿ.

ಆಟ ಅಂದ್ರ ಬರೇ ಹಾಡು ಕುಣಿತ ಅಂತ ತಿಳಕೊಂಡೀರೇನು? ಹಲಗಿ ಹಾಸಿ ಕಟ್ಟಿದ ಅಟ್ಟದ ಮ್ಯಾಲೆ ಒಮ್ಮೆಲೆ ಹನ್ನೊಂದು ಮಂದಿ ನಿಲ್ತಾರ. ಭುಜಕ್ಕ ಕಟ್ಟಿದ ಕಟ್ಟಿಗಿ ಭುಜಕೀರ್ತಿ ಇಷ್ಟಿಷ್ಟಗಲ, ಕೈಯಾಗ ಕತ್ತಿ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವ ಕಡಿಂದ ಬರಬೇಕು, ಒಬ್ಬಾಂವ ಸರದಾಗ ಇನ್ನೊಬ್ಬಾಂವ ಎಲ್ಲಿ ಸೇರಬೇಕು... ಒಂದು ತಪ್ಪಿದ್ರ ರಾಜಾನ ಕತ್ತಿ ಸಾರಥಿ ಕಣ್ಣಾಗ. ನಾ ಹುಳ್ಳಿ ಆರಿಸಾಕ ಮೊರ ಹಿಡಕೊಂಡು ಕುಂತರ ಗುಡ್ಡಪ್ಪಣ್ಣ ಬಂದು ಮುಂದ ಕುಂಡ್ರಾಂವ. ನಾಕು ಹುಳ್ಳಿಕಾಳು, ನಾಕು ಜ್ವಾಳ, ಮೂರು ಕಡ್ಲಿ. ಕಡ್ಲಿ ರಾಜಾಗೋಳು, ಹುಳ್ಳಿ ಸಾರಥಿ ಮಂತ್ರಿ, ಜ್ವಾಳ ಸೈನ್ಯ. ಮೊರದ ಮ್ಯಾಲೆ ಸರಸಾಂವ, ನಿಲ್ಲಸಾಂವ, ಮತ್ತ ಸರಸಾಂವ. “ಅಣ್ಣಾ, ನಿನ್ನ ರಾಜಾ ಸಾರಿಗಿ ಬೇಕು, ಬಿಡು” ಅಂದ್ರ “ತಡಿಯವಾ, ಕಾಳಗ ಮುಗೀಲಿ” ಅನ್ನಾಂವ. ಮೊರದಾಗ ಹೊಂದಿದ ಮ್ಯಾಲೆ ಅದನ್ನ ಬಯಲಾಗ ಇಡತಿದ್ದ. ಒಲಿ ಬೂದಿ ಒಯ್ದು, ಯಾರು ಎಲ್ಲಿ ನಿಲ್ತಾರೋ ಅಲ್ಲೆ ಅವರದೊಂದು ಗುರ್ತು.

ನಮ್ಮ ಮ್ಯಾಳದಾಗ ಒಂದು ಕಟ್ಟಳಿ ಇತ್ತು. ಸೋತ ರಾಜಾ ಕುಂತ ಮಂದಿಗಿ ಬೆನ್ನ ತೋರಿಸಬಾರ್ದು. ಪೂಜಿ ಆದ ಅಟ್ಟ ಅದು. ಸೋತ್ರೂ ಮಾರಿ ಮುಂದ ಮಾಡಿ, ಕತ್ತಿ ಕೆಳಗ ಹಿಡದು, ಹಿಂದ ಹಿಂದಕ ಹೆಜ್ಜಿ ಇಟಗೊಂತ ಹಿಂದಿನ ಪರದೆ ಮಟಾ ಹೋಗಬೇಕು. ಹಿಂದ ಹೊಳ್ಳಿ ನೋಡಂಗಿಲ್ಲ. ಒಂಬತ್ತು ಹೆಜ್ಜಿ, ಹೆಜ್ಜಿಗೊಂದು ಹಲಗಿ; ತಾಲೀಮದ ಬಯಲಾಗ ಹೆಜ್ಜಿಗೊಂದು ಬೂದಿ ಗುರ್ತು. ಹಿಂದ ಕಣ್ಣಿಲ್ಲ, ಎಣಿಕಿನ ಕಣ್ಣು.

ಆ ಸೋತ ರಾಜಾನ ಪಾತ್ರ ಮಾಳಪ್ಪಂದು. ಅಂವನ ಎಡಗೈ ಕಿರಿಬೆರಳು ಸಣ್ಣಿದ್ದಾಗ ಕಣಕಿ ಕೊಯ್ಯೂ ಮುಂದ ಹೋಗಿತ್ತು. ಆದ್ರೂ ಎಡಚ, ಅದ ಕೈಲೆ ಕತ್ತಿ ತಿರಿವಿದ್ರ ಮಂದಿ ಉಸುರ ಬಿಡತಿರ್ಲಿಲ್ಲ. ಅಂವಾ ಹಿಂದ ಹಿಂದಕ ಹೋಗೂದ ನೋಡಿ ನಾನೂ ಅತ್ತೇನಿ. ಅಟ್ಟ ಏರೂಕಿಂತ ಮುಂಚೆ ಪ್ರತಿ ಸಲ ಗುಡ್ಡಪ್ಪಣ್ಣನ ಕಿವ್ಯಾಗ ಕೇಳತಿದ್ದ, “ಗುಡ್ಯಾ, ಎಷ್ಟು?” ಇಂವಾ “ಒಂಬತ್ತು” ಅಂದ ಮ್ಯಾಲೇನ ಹೋಗತಿದ್ದ. ಇಬ್ಬರದೂ ಸಣ್ಣಂದಿನಿಂದ ಹಂಗ.

ಹಿಂದಿನ ವರ್ಷ ಹುಕ್ಕೇರಿ ಕಡಿ ಒಂದೂರಾಗ ಆಟ. ಊರ ಹೆಸರು ಬ್ಯಾಡ. ಮಾಳಪ್ಪ ಎಂಟನೇ ಹೆಜ್ಜಿಗಿ ಹಿಂದಕ್ಕ ಬಿದ್ದ. ಕೆಳಗ ಗಾಡಿ ಮೂಕಿ ಇತ್ತು. ಕುತಗಿ ಮುರೀತು. ನಸಿಕಿನ್ಯಾಗ ಗಾಡ್ಯಾಗ ಮಲಗಿಸಿಕೊಂಡು ಬಂದ್ರು. ಅಂವನ ಹೇಂತಿ ಕಾಡವ್ವ ಬಾಗಲದಾಗ ಕುಂತು ಕೇಳಿದ್ಲು, “ಹೆಂಗ ಬಿದ್ದ?” ಗುಡ್ಡಪ್ಪಣ್ಣ ನೆಲಾ ನೋಡಿಕೊಂತ ಹೇಳಿದ, “ಕುಡದಿದ್ದ, ಅಕ್ಕಾ.”

ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ಆ ಒಂದು ಮಾತು ಓಣಿ ತುಂಬ ಆತು. ಪೂಜಿ ಮಾಡಿದ ಅಟ್ಟಾ ಕುಡದು ಏರಿದ, ದೇವರ ಸಿಟ್ಟು ತಟ್ಟಿತು ಅಂದ್ರು. ಮಗ ಕೇದಾರಿಗಿ ಆಗ ಇಪ್ಪತ್ತು. ಹೆಣ್ಣ ಕೇಳಾಕ ಹೋದಲ್ಲೆಲ್ಲಾ “ಕುಡದು ಬಿದ್ದಾವನ ಮಗಾ ಅಲ್ಲೇನು” ಅಂತ ಹೊಳ್ಳಿ ಕಳಿಸಿದ್ರು. ಆ ಹುಡಗ ಒಂದು ದಿನ ಬಂದು ಗುಡ್ಡಪ್ಪಣ್ಣನ ಮುಂದ ನಿಂತ.

“ಕಾಕಾ, ನಮ್ಮಪ್ಪನ ಪಾತ್ರ ನಾ ಮಾಡತೇನಿ. ಅಂವಾ ಎಂಟಕ್ಕ ಬಿದ್ದ. ನಾ ಒಂಬತ್ತೂ ಇಟ್ಟು ತೋರಿಸತೇನಿ. ಆಮ್ಯಾಲೆ ಯಾರು ಬಾಯಿ ತಗೀತಾರ ನೋಡೂಣು.”

ಗುಡ್ಡಪ್ಪಣ್ಣ ಒಲ್ಲೆ ಅಂದ್ರ ಯಾಕ ಅಂತ ಹೇಳಬೇಕು. ಹೇಳಾಕ ಬಾಯಿಲ್ಲ. ಹೂಂ ಅಂದ. ಗೋಕಾಕ ಫಾಲ್ಸ್ ಹಂತೇಕ ಒಂದು ವಸ್ತಿಯವರು ಆಟಕ್ಕ ಕರದಿದ್ರು. ತಾಲೀಮ ಸುರು ಆತು. ಆಟಕ್ಕ ಆರು ದಿನ ಉಳದಾಗ ಬಾವಿ ಹಂತೇಕ ಆ ಗೆಜ್ಜಿ ಸಪ್ಪಳ.

ಮುಂಜಾನೆ ಚಪ್ಪಲಿ ತರಾಕ ಹೋಗಿ ನೋಡ್ತಾನ, ಸೋತ ರಾಜಾನ ಬೂದಿ ಗುರ್ತಿನ ಮ್ಯಾಲೆ ಪಾದ ಮೂಡ್ಯಾವ. ಏಳರ ಮ್ಯಾಲೆ ಅಷ್ಟ. ಬೆರಳು ಮುಂದಕ್ಕ, ಹಿಮ್ಮಡ ಹಿಂದಕ್ಕ, ಆದ್ರ ನಡದದ್ದು ಹಿಂದಕ್ಕ. ದೆವ್ವಕ್ಕ ಕಾಲು ಹಿಂದ ಮುಂದ ಇರತಾವಂತಾರಲ್ಲ... ಇದು ಹಂಗಲ್ಲ. ಮಂದಿಗಿ ಬೆನ್ನ ತೋರಿಸದ ಹೋದವನ ಕಾಲು.

ಎರಡನೇ ರಾತ್ರಿ ಬ್ಯಾಡ ಅಂದ್ರೂ ಕಾಲು ಅಲ್ಲಿಗೇ ಹೋದ್ವು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗ, ಅಂವಗ ಮಲಗಿದ್ರೂ ನಿದ್ದಿ ಇಲ್ಲ. ಬಾವಿ ಕಟ್ಟಿಗಿ ಒರಗಿ ನಿಂತ. ಕೈಯಾಗ ಲಿಂಬಿಹಣ್ಣು, ಬೇವಿನ ತೊಪ್ಪಲ. ಧಬ್... ಝಲ್. ಏಳು. ಗಪ್ಪ.

“ಗುಡ್ಯಾ... ಎಷ್ಟು?”

ಇಂವಾ ಲಿಂಬಿಹಣ್ಣ ಒಗದ. ಅದು ಬಾವ್ಯಾಗ ಬಿತ್ತು. ನೀರಿಲ್ಲದ ಬಾವಿ, ಟಪ್ಪ್ ಅಂತು. “ಮಾಳ್ಯಾ, ನನ್ನ ಒಯ್ಯೋ. ಹುಡಗನ್ನ ಬಿಡು. ನಿನ್ನ ಕಾಲ ಬೀಳತೇನಿ.”

ಮತ್ತ ಮೊದಲಿಂದ. ಧಬ್... ಝಲ್. ಏಳು.

“ಎಷ್ಟು?”

ಮರುದಿನ ತಾಲೀಮದಾಗ ಗುಡ್ಡಪ್ಪಣ್ಣನ ಮಾರಿ ಬೂದಿ ಬಡದಂಗ ಆಗಿತ್ತು. “ಕೇದ್ಯಾ, ಹಿಂದಕ ಹೋಗೂದು ಬ್ಯಾಡ. ಬಾಜೂಕ ಸರದು ಇಳಿ” ಅಂದ. ಹುಡಗ ಕತ್ತಿ ನೆಲಕ್ಕ ಬಡದ. “ಬೆನ್ನ ತೋರಿಸು ಅಂತೀಯೇನು ಕಾಕಾ? ಕುಡದು ಬಿದ್ದಾವನ ಮಗಾ ಅಂಜಬುರಕನೂ ಅಂತ ಅನ್ಲಿ?” ಮದ್ದಳಿ ಲಗಮಣ್ಣ ನಡುವ ಬಂದು, “ಹೋಗ್ಲಿ ಬಿಡ ಮಾಸ್ತರ, ಹುಡುಗ ಚಂದ ಇಡತಾನ ಹೆಜ್ಜಿ” ಅಂದ. ಚಂದ ಇಡತಿದ್ದ, ಖರೆ. ಅಪ್ಪನಂಗ.

ಮೂರನೇ ರಾತ್ರಿ ಸಪ್ಪಳ ಸುರು ಆಗೂಕಿಂತ ಮುಂಚೆ ಗುಡ್ಡಪ್ಪಣ್ಣ ಬಯಲಾಗ ಮೊಣಕಾಲ ಊರಿ ಕುಂತಿದ್ದ. ಅಳಾಕತ್ತಿದ್ದ, ಸಣ್ಣ ಕೂಸಿನಂಗ. ಗೆಜ್ಜಿ ಬಂದ್ವು. ಈ ಸಲ ದೂರ ಅಲ್ಲ. ಅಂವನ ಮುಂದಿಂದನ ಹಿಂದ ಹಿಂದಕ ಹೋದ್ವು. ಗಾಳಿ ತಣ್ಣಗ ಮಾರಿಗಿ ಬಡೀತು.

“ಗುಡ್ಯಾ... ಎಷ್ಟು?”

“ಏಳು!” ಅಂತ ಒದರಿದ. “ಏಳ ಇದ್ವು ಮಾಳ್ಯಾ. ಸಂಜಿಕ ನಾ ನೋಡಿದ್ದೆ. ಹಿಂದಿನ ಎರಡು ಹಲಗಿ ಯಾರೋ ತಗದಿದ್ರು, ಮ್ಯಾಲೆ ಜಮಖಾನಿ ಹಾಸಿತ್ತು. ನಿನಗ ಹೇಳಬೇಕು ಅಂದಕೊಂಡೆ... ಬಣ್ಣ ಹಚ್ಚೂ ಗದ್ದಲದಾಗ ಮರ್ತೆ. ನೀ ಬಂದು ಕೇಳಿದಿ. ಬಾಯಿಗಿ ರೂಢಿ ಇತ್ತು, ಒಂಬತ್ತು ಅಂತು. ನನ್ನ ಬಾಯಿ ನಿನ್ನ ಕೊಂದಿತು. ಅದ ಬಾಯಿಲೆ ಕುಡದಿದ್ದ ಅಂದೆ. ನೀ ಕುಡದಿರ್ಲಿಲ್ಲ. ನೀ ಹುಟ್ಟಿದಾಗಿಂದ ಕುಡದಿಲ್ಲ!”

ಆಮ್ಯಾಲೆ ಒಂದ ಗೆಜ್ಜಿ, ಝಲ್ ಅಲ್ಲ, ಯಾರೋ ಗೆಜ್ಜಿ ಬಿಚ್ಚಿ ಕೈಯಾಗ ಹಿಡಕೊಂಡಂಗ ಕಿಣಿ ಕಿಣಿ. ಅಷ್ಟ. ಮುಂದ ಆ ಸಪ್ಪಳ ಬರ್ಲಿಲ್ಲ.

ಆಟದ ದಿನ ಗಾಡಿ ಹೂಡಿದ್ರು. ಕಾಡವ್ವ ಬಂದು ಗಾಡಿ ಮೂಕಿ ಹಿಡದು ನಿಂತ್ಲು. “ಅಣ್ಣಾ, ಒಬ್ಬಾಂವನ್ನ ಗಾಡ್ಯಾಗ ಮಲಗಿಸಿಕೊಂಡು ತಂದಿ. ಇಂವಾ ನಡಕೊಂತ ಬರಬೇಕು. ಇಲ್ಲಂದ್ರ ನೀನೂ ಬರಬ್ಯಾಡ.” ಗುಡ್ಡಪ್ಪಣ್ಣ ಆಗೂ ಹೇಳಲಿಲ್ಲ ನೋಡ್ರಿ. ಸತ್ತಾವಗ ಹೇಳಿದ, ಬದುಕಿದಾಕಿಗಿ ಹೇಳಾಕ ಎದಿ ಬರ್ಲಿಲ್ಲ. ಈಗೂ ನೆನಸಿದ್ರ ನನಗ ಸಿಟ್ಟು ಬರತೈತಿ.

ಮುಂದಿಂದು ಅಂವಾ ಹೇಳಿದ್ದು. ಆ ವಸ್ತ್ಯಾಗ ಅಟ್ಟ ಆಳಿಗಿಂತ ಎತ್ತರ. ಹೊತ್ತ ಮುಳಗೂ ಮುಂದ ತಾನ ಹತ್ತಿ, ಜಮಖಾನಿ ಎತ್ತಿ, ಮೂರು ಸಲ ಎಣಿಸಿದ. ಒಂಬತ್ತು. ಒಂದೊಂದರ ಮ್ಯಾಲೆ ನಿಂತು ಕುಪ್ಪಳಿಸಿದ. ಗಟ್ಟಿ. ಮಾರಿಗಿ ಬಣ್ಣ ಬಡಕೊಂಡು ಕೇದಾರಿ ಬಂದ, ಬಗ್ಗಿ ಕಿವ್ಯಾಗ ಕೇಳಿದ.

“ಕಾಕಾ... ಎಷ್ಟು?”

ಆ ಹುಡಗಗ ಯಾರೂ ಹಂಗ ಕೇಳು ಅಂತ ಕಲಿಸಿರ್ಲಿಲ್ಲ. “ಒಂಬತ್ತು” ಅಂದ. ಎಣಿಸಿದ್ನಲ್ಲ.

ಆಟ ಏರಿತು. ಗುಡ್ಡಪ್ಪಣ್ಣ ತಾಳ ಹಿಡದು ಹಾಡಾಕತ್ತಿದ್ದ. ಕಾಳಗ ಸುರು. ಲಗಮಣ್ಣನ ಮದ್ದಳಿ ಆಕಾಶಕ್ಕ ಮುಟ್ಟಿತ್ತು, ಮಂದಿ ಸಿಳ್ಳಿ ಹೊಡ್ಯಾಕತ್ತಿದ್ರು. ಆ ಗದ್ದಲದಾಗ ಎಡಗಿವ್ಯಾಗ, ತಣ್ಣಗ, ಹಂತೇಕ...

“ಗುಡ್ಯಾ. ಎಷ್ಟು?”

ತಾಳ ಕೈಯಿಂದ ಜಾರಿತು. ಅಂವಾ ಅಟ್ಟದಿಂದ ಜಿಗದು ಕತ್ತಲದಾಗ ಹಿಂದಕ್ಕ ಓಡಿದ. ಅಟ್ಟದ ಹಿಂದಿನ ಹಲಗಿ ಅಂದ್ರ ಎಲ್ಲಾ ಊರಾಗೂ ತಂದಿ ತಾಯಿ ಇಲ್ಲದ ಕೂಸು. ಕುಂಡ್ರಾಕ ಜಾಗಾ ಸಾಲಲಿಲ್ಲ ಅಂದ್ರ ಯಾರರೆ ಬಂದು ಅದನ್ನ ಎಳಕೊಂಡು ಹೋಗತಾರ. ಕೈ ಮ್ಯಾಲ ಮಾಡಿ ಮುಟ್ಟಿ ನೋಡಿದ. ಹಲಗಿ ಇಲ್ಲ. ಬರೇ ಜಮಖಾನಿ, ಜೋತು ಬಿದ್ದಿತ್ತು. ಎರಡು ಹಲಗಿ ಅಗಲ. ಕೆಳಗ ಬೀಸೂಕಲ್ಲಿನಂಥ ಬಂಡಿಗಲ್ಲು.

“ಕೇದ್ಯಾ! ಏಳು! ಏಳಕ್ಕ ನಿಲ್ಲೋ!” ಅಂತ ಒದರಿದ. ಮದ್ದಳಿಯೊಳಗ ತನ್ನ ದನಿ ತನಗ ಕೇಳಲಿಲ್ಲ. ಹೊಳ್ಳಿ ಮುಂದ ಓಡಬೇಕಂದ್ರ ವ್ಯಾಳ್ಯಾ ಇಲ್ಲ. ಮ್ಯಾಲೆ ಹೆಜ್ಜಿ ಸುರು ಆಗಿತ್ತು.

ಧಬ್... ಝಲ್. ಒಂದು.

ಬಂಡಿಗಲ್ಲಿನ ಮ್ಯಾಲೆ ನಿಂತು ಎರಡೂ ಕೈ ಎತ್ತಿದ. ಬಿದ್ರ ನನ್ನ ಮ್ಯಾಲೆ ಬೀಳ್ಲಿ, ನನ್ನ ಕುತಗಿ ಮುರೀಲಿ ಅಂತ. ಎರಡು... ಮೂರು... ಸಪ್ಪಳ ಅಂವನ ತಲಿ ಕಡೆ ಬರಾಕತ್ತಿತ್ತು. ನಾಕು... ಐದು... ಹಲಗಿ ಸಂದಿನ್ಯಾಗಿನ ಧೂಳ ಕಣ್ಣಾಗ ಬಿತ್ತು. ಆರು...

ಧಬ್... ಝಲ್. ಏಳು.

ಕಣ್ಣ ಮುಚ್ಚಿದ.

ಎಂಟನೇದು... ಬರ್ಲಿಲ್ಲ.

ಮ್ಯಾಲೆ ಮಂದಿ ಹೋ ಅಂದ್ರು. ಹುಡಗ ಏಳಕ್ಕ ನಿಂತು, ಕೈ ಮುಗದು, ತಲಿ ಬಗ್ಗಿಸಿ, ಹಂಗ ನಿಂತಬಿಟ್ಟಿದ್ದ. ಇಬ್ಬರು ಮುಂದಿನ ಪರದೆ ಹಿಡದು ಮುಚ್ಚಿದ್ರು. ಅಂವಾ ಬಾಜೂಕ ಇಳದು ಬಂದಾಗ ಗುಡ್ಡಪ್ಪಣ್ಣ ಇನ್ನೂ ಬಂಡಿಗಲ್ಲಿನ ಮ್ಯಾಲೆ ಕೈ ಎತ್ತಿ ನಿಂತಿದ್ದ. ಕೈ ಇಳೀಲಿಲ್ಲ. ಹುಡಗನ ಹಿಡದು ಇಳಿಸಿದ.

“ನೀ ಹೇಳಿದಂಗ ಏಳಕ್ಕ ನಿಂತೆ ಕಾಕಾ. ಆದ್ರ ಯಾಕ?”

“ನಾ... ನಾ ಯಾವಾಗ ಹೇಳಿದ್ನೋ?”

“ಕಾಳಗದಾಗ ಬೆನ್ನಿಂದ ಬಂದು ಕಿವ್ಯಾಗ ಹೇಳಿದ್ಯಲ್ಲಾ. ‘ಏಳು, ಮಗಾ’ ಅಂತ.”

ಗುಡ್ಡಪ್ಪಣ್ಣ ಆ ಹುಡಗನ್ನ ಕೇದ್ಯಾ ಅಂತ ಬಿಟ್ರ ಬ್ಯಾರೆ ಕರದಾವಲ್ಲ.

ಇನ್ನ ಇಲ್ಲಿಂದ ನಂದು. ಆ ರಾತ್ರಿ ಗಂಡಸರೆಲ್ಲಾ ಅಲ್ಲೆ. ಓಣ್ಯಾಗ ನಾವು ಹೆಂಗಸರು, ಕೂಸುಗಳು. ಕಾಡವ್ವ ಒಬ್ಬಾಕಿ ಇರಬಾರ್ದು ಅಂತ ನಾ ಆಕಿ ಮನ್ಯಾಗ ಮಲಗಿದ್ದೆ. ಆಕಿ ಕಣ್ಣ ಮುಚ್ಚಲಿಲ್ಲ. ನಸಿಕಿನ್ಯಾಗ ಹಳ್ಳಕ್ಕ ನೀರ ತರಾಕ ಹೊಂಟ್ವಿ. ಹಾದಿ ಆ ಬಯಲ ಮ್ಯಾಲೆನ. ಕಾಡವ್ವ ನಡಕೊಂತ ನಿಂತಳು. ಕೊಡ ಕೈಯಿಂದ ಬಿತ್ತು.

ಸೋತ ರಾಜಾನ ಬೂದಿ ಗುರ್ತು... ಏಳು ಹಂಗ ಇದ್ವು. ಎಂಟನೇದೂ ಒಂಬತ್ತನೇದೂ ಇಲ್ಲ. ಯಾರೋ ಒರಿಸಿಬಿಟ್ಟಿದ್ರು.

“ಅಕ್ಕಾ, ಕೂಸುಗಳು ಆಡಿರಬೇಕು” ಅಂದೆ. ಅನ್ನೂ ಮುಂದ ನನಗ ಗೊತ್ತಿತ್ತು, ನಿನ್ನೆ ಹೊತ್ತ ಮುಳಗಿದ ಮ್ಯಾಲೆ ಆ ಕಡಿ ಯಾರೂ ಹೋಗಿಲ್ಲ ಅಂತ. ಕಾಡವ್ವ ಏನ ತಿಳಕೊಂಡಳು ಅಂತ ಬಿಡಿಸಿ ಹೇಳಬೇಕೇನು? ಎಂಟನೇ ಹೆಜ್ಜಿ ಅಳಿಸಿ ಹ್ವಾದ್ರ ಆಕಿಗಿ ಏನ ತಿಳೀತೈತಿ? ಅಳಲಿಲ್ಲ, ಒದರಲಿಲ್ಲ. ಅಲ್ಲೆ ಮಣ್ಣಾಗ ಕುಂತಬಿಟ್ಲು. ದನಾ ಬಂದ್ರ ಕೈಬೀಸಿ ಆಚೆ ಅಟ್ಟಿದ್ಲು. ರೊಟ್ಟಿ ಒಯ್ದೆ, ಮುಟ್ಟಲಿಲ್ಲ. ಬಿಸಲು ಏರಿತು, ಇಳೀತು. ನಾ ಮಗ್ಗಲಕ್ಕ ಕುಂತೆ. ಯವ್ವಾ, ಅಂಥಾ ದಿನಾ ವೈರಿಗೂ ಬ್ಯಾಡ.

ಸಂಜಿಕ ಗಾಡಿ ಗಂಟಿ ಸಪ್ಪಳ ಬಂತು. ಆಕಿ ಕೈ ಹಣಿಗಿ ಹಚ್ಚಿ ಹಾದಿ ನೋಡಿದ್ಲು. ಗಾಡಿ ಮುಂದ ಒಬ್ಬಾಂವ ನಡಕೊಂತ ಬರಾಕತ್ತಿದ್ದ. ಹೆಗಲ ಮ್ಯಾಲೆ ಗೆಜ್ಜಿ. ಕೇದಾರಿ.

ಆಗ ಅತ್ತಳು.

ಗುಡ್ಡಪ್ಪಣ್ಣ ಗಾಡಿಯಿಂದ ಇಳದು, ಓಣಿ ಮಂದಿ ಎಲ್ಲಾ ನೋಡಾಕತ್ತಾಗ, ಆಕಿ ಕಾಲ ಮುಂದ ಬಿದ್ದ. ಎಲ್ಲಾ ಹೇಳಿದ. ಹಲಗಿ, ಮರವು, ಬಾಯಿಗಿ ಬಂದ ಒಂಬತ್ತು, ಮಾಳಪ್ಪ ಕುಡದಿರ್ಲಿಲ್ಲ ಅನ್ನೂದು. ಬಾವಿ ಹಂತೇಕ ಕೇಳಿದ್ದು, ರಾತ್ರಿ ಅಟ್ಟದ ಕೆಳಗ ಕೇಳಿದ್ದು. ಬೂದಿ ಗುರ್ತು ಅಳಿಸಿದ ಮಾತ ಇನ್ನೂ ಯಾರೂ ಅಂವಗ ಹೇಳಿರ್ಲಿಲ್ಲ.

ಕಾಡವ್ವ ಅಂವನ್ನ ಬೈಯಲಿಲ್ಲ. “ಎಷ್ಟು ಇದ್ವು ಅಂದಿ?” ಅಂತ ಕೇಳಿದ್ಲು.

“ಏಳು, ಅಕ್ಕಾ.”

ಆಕಿ ಹೊಳ್ಳಿ ಆ ಒರಿಸಿದ ಜಾಗಾ ನೋಡಿದ್ಲು. ನಾನೂ ಬಗ್ಗಿದೆ. ಮುಂಜಾನಿಂದ ಅದರ ಮುಂದನ ಕುಂತಿದ್ವಿ, ಆದ್ರ ಆ ಅಂಜಿಕ್ಯಾಗ ಯಾರು ಬಗ್ಗಿ ನೋಡತಾರ? ಕಸಬರಗಿಲೆ ಒರಿಸಿದ್ದಲ್ಲ, ಗಾಳಿಗಿ ಹಾರಿದ್ದಲ್ಲ. ಕೈಲೆ ಒರಿಸಿದ್ದು. ಬೆರಳಿನ ಗೆರಿ ಮಣ್ಣಾಗ ಎದ್ದು ಕಾಣತಿದ್ವು.

ಕಾಡವ್ವ ತನ್ನ ಎಡಗೈ ಆ ಗೆರಿ ಮ್ಯಾಲೆ ಇಟ್ಲು. ಒಂದೊಂದು ಬೆರಳು ಒಂದೊಂದು ಗೆರಿಗಿ ಕೂತ್ವು.

ಕಿರಿಬೆರಳಿಗಿ ಗೆರಿ ಇರ್ಲಿಲ್ಲ.

ನಗಬ್ಯಾಡ. ಆ ಕೈ ಮಗ್ಗಲಕ್ಕ ಬಗ್ಗಿ ನೋಡಿದಾಕಿ ನಾ. ಇದ್ದದ್ದು ಇದ್ದಂಗ ಹೇಳೇನಿ.